ದಿನನಿತ್ಯದ ಗಣಕಯಂತ್ರ ಬಳಕೆಯಲ್ಲಿ ಮುಕ್ತ ಕಾರ್ಯಾಚರಣ ವ್ಯವಸ್ಥೆಗಳು: ಜನರ ಆಯ್ಕೆಯ ಹಿಂದಿನ ಕಾರಣಗಳು

ಪೀಠಿಕೆ

ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. 2015ರ ಜುಲೈ ತಿಂಗಳಲ್ಲಿ ಬಿಡುಗಡೆಯಾದ ಈ ವ್ಯವಸ್ಥೆಯು ಹತ್ತು ವರ್ಷಗಳ ಕಾಲ ಮನೆ, ಶಾಲೆ, ಅಂಗಡಿ ಮತ್ತು ಕಚೇರಿಗಳ ಗಣಕಯಂತ್ರಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿತ್ತು. ವೈಯಕ್ತಿಕ ಬಳಕೆದಾರರು ನಿಗದಿತ ಷರತ್ತುಗಳಿಗೆ ಒಳಪಟ್ಟು ನೋಂದಾಯಿಸಿಕೊಂಡಲ್ಲಿ ಇನ್ನೊಂದು ವರ್ಷದ ಮಟ್ಟಿಗೆ ಭದ್ರತಾ ಪರಿಷ್ಕರಣೆಗಳನ್ನು ಒದಗಿಸುವುದಾಗಿ ಸಂಸ್ಥೆಯು ಪ್ರಕಟಿಸಿತು. ಮುಂದಿನ ಮಾರ್ಗವಾಗಿ 2021ರಲ್ಲಿ ಹೊರಬಂದ ವಿಂಡೋಸ್ 11ನ್ನು ಸೂಚಿಸಲಾಯಿತು. ಆದರೆ ಈ ಹೊಸ ಆವೃತ್ತಿಯು ಟಿಪಿಎಂ 2.0 ಎಂಬ ಭದ್ರತಾ ಘಟಕವನ್ನು ಕಡ್ಡಾಯವಾಗಿ ಅಪೇಕ್ಷಿಸುತ್ತದೆ. ಇಂಟೆಲ್ ಸಂಸ್ಥೆಯ ಎಂಟನೆಯ ಪೀಳಿಗೆಗಿಂತ ಹಿಂದಿನ ಬಹುತೇಕ ಪ್ರೊಸೆಸರ್‌ಗಳು ಅದರ ಅನುಮೋದಿತ ಪಟ್ಟಿಯಲ್ಲಿ ಇಲ್ಲ.

ಇದರ ಪರಿಣಾಮವಾಗಿ ವಿಚಿತ್ರ ಸನ್ನಿವೇಶವೊಂದು ಉಂಟಾಯಿತು. ಪರದೆ ಬೆಳಗುತ್ತದೆ, ಕೀಲಿಮಣೆ ಕೆಲಸ ಮಾಡುತ್ತದೆ, ಪತ್ರ ಬರೆಯಲು, ಲೆಕ್ಕ ಇಡಲು, ಮಕ್ಕಳ ಪಾಠಗಳನ್ನು ನೋಡಲು ಯಂತ್ರವು ಸಮರ್ಥವಾಗಿದೆ. ಆದರೂ ಅದು ಅವಧಿ ಮುಗಿದ ಯಂತ್ರವೆನಿಸಿತು. ಯಂತ್ರವು ಕೆಟ್ಟಿರಲಿಲ್ಲ. ಅದರ ಅವಧಿ ಮುಗಿಯಿತೆಂಬ ತೀರ್ಮಾನವನ್ನು ಅದರ ಒಡೆಯನಲ್ಲದ ಬೇರೊಬ್ಬರು ಕೈಗೊಂಡಿದ್ದರು.

ಈ ಹಿನ್ನೆಲೆಯಲ್ಲಿ ಲಿನಕ್ಸ್ ಆಧಾರಿತ ಮುಕ್ತ ಕಾರ್ಯಾಚರಣ ವ್ಯವಸ್ಥೆಗಳ ಬಗ್ಗೆ ಸಾರ್ವಜನಿಕರಲ್ಲಿ ಆಸಕ್ತಿ ಹೆಚ್ಚಿದೆ. ಸ್ಟ್ಯಾಟ್‌ಕೌಂಟರ್ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಮೇಜುಗಣಕಗಳಲ್ಲಿ ಲಿನಕ್ಸ್‌ನ ಪಾಲು 2024ರ ಫೆಬ್ರವರಿಯಲ್ಲಿ ಮೊದಲ ಬಾರಿಗೆ ಶೇ. 4ನ್ನು ದಾಟಿತು. ಈ ಪ್ರಮಾಣ ಚಿಕ್ಕದೇ. ಆದರೆ ಇದು ಹೆಚ್ಚಿನ ಮಟ್ಟಿಗೆ ಜಾಹೀರಾತಿನ ಬಲವಿಲ್ಲದೆ, ಅಂಗಡಿಯಲ್ಲಿ ಕೊಂಡ ಯಂತ್ರದೊಡನೆ ತಾನಾಗಿ ಬಾರದೆ, ಬಳಕೆದಾರರು ತಾವೇ ಅಳವಡಿಸಿಕೊಂಡುದರಿಂದ ಬೆಳೆದ ಪಾಲು ಎಂಬುದನ್ನು ಗಮನಿಸಬೇಕು. ಸಾಮಾನ್ಯ ಜನರು ಇಂತಹ ಆಯ್ಕೆಯನ್ನು ಏಕೆ ಮಾಡುತ್ತಾರೆ? ಹಣದ ಉಳಿತಾಯಕ್ಕಾಗಿ ಎಂಬುದು ಸುಲಭದ ಉತ್ತರ. ಆದರೆ ಅದು ಪೂರ್ಣ ಉತ್ತರವಲ್ಲವೆಂಬುದನ್ನು ಕಳೆದ ಎರಡು ದಶಕಗಳ ಅನುಭವ ತೋರಿಸಿಕೊಟ್ಟಿದೆ.

ಉಚಿತವೆಂದರೇನು, ಮುಕ್ತವೆಂದರೇನು

ಗಣಕಯಂತ್ರದ ಯಂತ್ರಾಂಶವನ್ನೂ ಬಳಕೆದಾರರ ತಂತ್ರಾಂಶಗಳನ್ನೂ ಬೆಸೆಯುವ ಮೂಲ ತಂತ್ರಾಂಶವೇ ಕಾರ್ಯಾಚರಣ ವ್ಯವಸ್ಥೆ. ಕಡತಗಳನ್ನು ಉಳಿಸುವುದು, ಮುದ್ರಕಕ್ಕೆ ಆದೇಶ ನೀಡುವುದು, ಅಂತರಜಾಲ ಸಂಪರ್ಕ ಕಲ್ಪಿಸುವುದು ಮೊದಲಾದ ಎಲ್ಲ ಕಾರ್ಯಗಳೂ ಇದರ ಮೂಲಕವೇ ನಡೆಯುತ್ತವೆ.

ತಂತ್ರಾಂಶವನ್ನು ರಚಿಸಿದವರು ಬರೆದ ಮೂಲ ಪಠ್ಯಕ್ಕೆ ಆಕರ ಸಂಕೇತ ಎಂದು ಹೆಸರು. ಸ್ವಾಮ್ಯದ ತಂತ್ರಾಂಶಗಳಲ್ಲಿ ಈ ಆಕರ ಸಂಕೇತವು ಗೋಪ್ಯವಾಗಿರುತ್ತದೆ ಮತ್ತು ಬಳಕೆದಾರನಿಗೆ ದೊರೆಯುವುದು ಷರತ್ತುಬದ್ಧ ಬಳಕೆಯ ಪರವಾನಗಿ ಮಾತ್ರ. ಮುಕ್ತ ತಂತ್ರಾಂಶದಲ್ಲಿ ಆಕರ ಸಂಕೇತವು ಎಲ್ಲರಿಗೂ ಲಭ್ಯ. ಯಾವುದೇ ಉದ್ದೇಶಕ್ಕೆ ಬಳಸುವುದು, ಒಳಗಿನ ರಚನೆಯನ್ನು ಅಭ್ಯಸಿಸಿ ಬದಲಾಯಿಸುವುದು, ಪ್ರತಿ ಮಾಡಿ ಇತರರಿಗೆ ಹಂಚುವುದು, ಸುಧಾರಿಸಿದ ರೂಪವನ್ನು ಲೋಕಕ್ಕೆ ಒಪ್ಪಿಸುವುದು ಎಂಬ ನಾಲ್ಕು ಸ್ವಾತಂತ್ರ್ಯಗಳನ್ನು ಅದರ ಪರವಾನಗಿಯೇ ನೀಡುತ್ತದೆ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯು ಈ ಚಿಂತನೆಗೆ ತಳಹದಿ ಹಾಕಿತು. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ರಚಿಸಿದ ಲಿನಕ್ಸ್ ತಿರುಳು ಅದರೊಡನೆ ಸೇರಿ ಪೂರ್ಣ ಪ್ರಮಾಣದ ವ್ಯವಸ್ಥೆಯಾಯಿತು. ಡೆಬಿಯನ್, ಫೆಡೋರಾ, ಉಬುಂಟು, ಲಿನಕ್ಸ್ ಮಿಂಟ್ ಮೊದಲಾದವು ಇದೇ ತಿರುಳಿನ ಮೇಲೆ ಕಟ್ಟಿದ ಬೇರೆ ಬೇರೆ ವಿತರಣೆಗಳು. ಇಂದು ಬಹುತೇಕ ಭಾರತೀಯರ ಕೈಯಲ್ಲಿರುವ ಆಂಡ್ರಾಯ್ಡ್ ದೂರವಾಣಿಯ ಒಳಗಿರುವುದೂ ಲಿನಕ್ಸ್ ತಿರುಳೇ.

ಇಂಗ್ಲಿಷ್ ಭಾಷೆಯಲ್ಲಿ ಉಚಿತಕ್ಕೂ ಸ್ವತಂತ್ರಕ್ಕೂ ಒಂದೇ ಪದ ಬಳಕೆಯಲ್ಲಿರುವುದರಿಂದ ಈ ವಿಷಯದಲ್ಲಿ ಬಹುಕಾಲ ಗೊಂದಲವಿತ್ತು. ಕನ್ನಡದಲ್ಲಿ ಆ ಗೊಂದಲಕ್ಕೆ ಎಡೆಯಿಲ್ಲ. ಉಚಿತವೆಂಬುದು ಬೆಲೆಗೆ ಸಂಬಂಧಿಸಿದ ಮಾತು, ಮುಕ್ತವೆಂಬುದು ಹಕ್ಕಿಗೆ ಸಂಬಂಧಿಸಿದ ಮಾತು. ಉಚಿತವಾಗಿ ದೊರೆತುದನ್ನು ನೀಡಿದವರು ಮರಳಿ ಪಡೆಯಬಹುದು. ಮುಕ್ತ ಪರವಾನಗಿಯಡಿ ಒಮ್ಮೆ ಹಂಚಿದ ಪ್ರತಿಯನ್ನು ಹಾಗೆ ಮರಳಿ ಪಡೆಯಲಾಗದು.

ಕಾನೂನುಬದ್ಧ ಬಳಕೆ

ನಮ್ಮ ದೇಶದ ಮಟ್ಟಿಗೆ ಬೆಲೆಯ ಪ್ರಶ್ನೆಗೆ ಇನ್ನೊಂದು ಮುಖವಿದೆ. ಅನಧಿಕೃತ ಪ್ರತಿಗಳ ಬಳಕೆ ಬಹುಕಾಲದಿಂದ ರೂಢಿಯಲ್ಲಿರುವುದರಿಂದ ಸ್ವಾಮ್ಯದ ತಂತ್ರಾಂಶವೂ ಉಚಿತವೆಂದೇ ಹಲವರು ಭಾವಿಸಿದ್ದಾರೆ. ಭಾರತದ ಹಕ್ಕುಸ್ವಾಮ್ಯ ಕಾಯ್ದೆ, 1957ರ ಅನ್ವಯ ಗಣಕ ತಂತ್ರಾಂಶವು ಸಾಹಿತ್ಯ ಕೃತಿಯ ವ್ಯಾಪ್ತಿಗೆ ಒಳಪಡುತ್ತದೆ. ಅನಧಿಕೃತ ಪ್ರತಿಯೆಂದು ತಿಳಿದೂ ಅದನ್ನು ಗಣಕಯಂತ್ರದಲ್ಲಿ ಬಳಸುವುದು ಅದೇ ಕಾಯ್ದೆಯ 63ಬಿ ಕಲಮಿನಡಿ ಶಿಕ್ಷಾರ್ಹ ಅಪರಾಧವಾಗಿದ್ದು, 7 ದಿನಗಳಿಂದ 3 ವರ್ಷಗಳವರೆಗಿನ ಕಾರಾಗೃಹ ವಾಸ ಹಾಗೂ ದಂಡಕ್ಕೆ ಅವಕಾಶವಿದೆ. ಇಂತಹ ಪ್ರತಿಗಳೊಡನೆ ದುರುದ್ದೇಶದ ತಂತ್ರಾಂಶಗಳು ಸೇರಿ ಬರುವ ಅಪಾಯವೂ ಇದೆ.

ಸಣ್ಣ ಊರಿನ ಟೈಪಿಂಗ್ ಕೇಂದ್ರ, ಸಹಕಾರ ಸಂಘ, ಅನುದಾನರಹಿತ ಶಾಲೆ ಮೊದಲಾದ ಕಡೆಗಳಲ್ಲಿ ಪರವಾನಗಿಗೆ ಹಣ ಹೊಂದಿಸುವುದು ಸುಲಭವಲ್ಲ. ಅಂತಹವರಿಗೆ ಮುಕ್ತ ವ್ಯವಸ್ಥೆಯು ಕದ್ದ ಪ್ರತಿಯ ಬದಲಿಗೆ ಹಕ್ಕಿನ ಪ್ರತಿಯನ್ನು ಒದಗಿಸುತ್ತದೆ. ಒಂದೇ ಪೆನ್‌ಡ್ರೈವ್‌ನಿಂದ ಹತ್ತು ಯಂತ್ರಗಳಿಗೆ ಅಳವಡಿಸಿದರೂ ಅದು ಕಾನೂನುಬದ್ಧ. ವಿದ್ಯಾರ್ಥಿಯೊಬ್ಬ ಶಾಲೆಯಲ್ಲಿ ಕಲಿತ ತಂತ್ರಾಂಶವನ್ನು ಮನೆಗೊಯ್ದರೂ ಅದು ತಪ್ಪಲ್ಲ. ಮಕ್ಕಳಿಗೆ ಪ್ರಾಮಾಣಿಕತೆಯನ್ನು ಬೋಧಿಸುವ ಕೊಠಡಿಯಲ್ಲಿ ಇದೇನೂ ಚಿಕ್ಕ ಸಂಗತಿಯಲ್ಲ.

ಯಂತ್ರದ ಆಯುಷ್ಯ

ಬಳಕೆದಾರರು ಮುಕ್ತ ವ್ಯವಸ್ಥೆಯತ್ತ ಹೊರಳಲು ಇತ್ತೀಚಿನ ವರ್ಷಗಳಲ್ಲಿ ಮುಖ್ಯವಾಗಿ ಕಂಡುಬಂದಿರುವ ಕಾರಣ ಹಳೆಯ ಯಂತ್ರಗಳ ಮರುಬಳಕೆ. ಮುಕ್ತ ವ್ಯವಸ್ಥೆಗಳಲ್ಲಿ ತಿರುಳು ಒಂದೇ ಆದರೂ ಮೇಲಿನ ಪರದೆಯ ವಿನ್ಯಾಸವನ್ನು ಯಂತ್ರದ ಶಕ್ತಿಗೆ ತಕ್ಕಂತೆ ಆರಿಸಿಕೊಳ್ಳಬಹುದು. ಹೊಸ ಯಂತ್ರಕ್ಕೆ ಗ್ನೋಮ್ ಅಥವಾ ಕೆಡಿಇ ಒಪ್ಪುತ್ತದೆ. ಕಡಿಮೆ ಸ್ಮರಣಶಕ್ತಿಯ ಹಳೆಯ ಯಂತ್ರಕ್ಕೆ ಎಕ್ಸ್‌ಎಫ್‌ಸಿಇ ಅಥವಾ ಎಲ್‌ಎಕ್ಸ್‌ಕ್ಯೂಟಿ ಎಂಬ ಹಗುರ ವಿನ್ಯಾಸಗಳು ಸಾಕಾಗುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚುವ ಈ ಅನುಕೂಲ ಸ್ವಾಮ್ಯದ ವ್ಯವಸ್ಥೆಗಳಲ್ಲಿ ವಿರಳ. ವಿಂಡೋಸ್ 10ರ ಅವಧಿ ಮುಗಿಯುವ ಸಂದರ್ಭದಲ್ಲಿ, 2025ರಲ್ಲಿ, ಕೆಡಿಇ ಮೊದಲಾದ ಮುಕ್ತ ತಂತ್ರಾಂಶ ಸಮುದಾಯಗಳು ಸೇರಿ ಹಳೆಯ ಯಂತ್ರಗಳನ್ನು ಎಸೆಯದೆ ಮರಳಿ ಬಳಸುವಂತೆ 'ಎಂಡ್ ಆಫ್ 10' ಎಂಬ ಪ್ರಚಾರಾಂದೋಲನವನ್ನೇ ಕೈಗೊಂಡವು.

ಮುಕ್ತ ವ್ಯವಸ್ಥೆಗಳಿಗೂ ಅವಧಿಯ ಮಿತಿ ಇದ್ದೇ ಇದೆ. ಉಬುಂಟುವಿನ ದೀರ್ಘಾವಧಿ ಬೆಂಬಲದ ಆವೃತ್ತಿಗೆ ಐದು ವರ್ಷಗಳ ಸಾಮಾನ್ಯ ಭದ್ರತಾ ಪರಿಷ್ಕರಣೆ ದೊರೆಯುತ್ತದೆ. 2025ರ ಆಗಸ್ಟ್‌ನಲ್ಲಿ ಹೊರಬಂದ ಡೆಬಿಯನ್ 13ರಲ್ಲಿ 32 ಬಿಟ್‌ನ ಹಳೆಯ ಯಂತ್ರಗಳಿಗೆ ಹೊಸದಾಗಿ ಅಳವಡಿಸುವ ಸೌಲಭ್ಯವನ್ನು ಕೈಬಿಡಲಾಯಿತು. ವ್ಯತ್ಯಾಸವಿರುವುದು ಅವಧಿ ಮುಗಿದ ಮೇಲಿನ ದಾರಿಯಲ್ಲಿ. ಮುಂದಿನ ಆವೃತ್ತಿಯು ಬಹುತೇಕ ಅದೇ ಯಂತ್ರದಲ್ಲಿ ನಡೆಯುತ್ತದೆ, ಅದಕ್ಕೆ ಹೊಸ ಹಣ ಕೊಡಬೇಕಾಗಿಲ್ಲ. ಒಂದು ವಿತರಣೆ ಕೈಬಿಟ್ಟ ಯಂತ್ರವನ್ನು ಇನ್ನೊಂದು ಎತ್ತಿಕೊಳ್ಳುವ ಅವಕಾಶವೂ ಇರುತ್ತದೆ.

ಬೆಂಗಳೂರಿನಲ್ಲಿ ಇದಕ್ಕೆ ಹಿಂದಿನ ನಿದರ್ಶನವೊಂದು ಉಂಟು. 2000ದ ದಶಕದ ಕೊನೆಯಲ್ಲಿ ಸುದರ್ಶನ ಬಡಾವಣೆಯ ಕೊಳಗೇರಿಯಲ್ಲಿ ಅಂಬೇಡ್ಕರ್ ಸಮುದಾಯ ಗಣಕ ಕೇಂದ್ರವು ಮುಕ್ತ ತಂತ್ರಾಂಶ ಚಳವಳಿಯ ಸ್ವಯಂಸೇವಕರ ನೆರವಿನಿಂದ ಆರಂಭವಾಯಿತು. ಅಲ್ಲಿನ ಮಕ್ಕಳು ಗ್ನೂ/ಲಿನಕ್ಸ್ ಯಂತ್ರಗಳಲ್ಲಿ ಗಣಕ ಬಳಕೆಯನ್ನೂ ಗಿಂಪ್ ತಂತ್ರಾಂಶದಲ್ಲಿ ಚಿತ್ರ ರಚನೆಯನ್ನೂ ಕಲಿತರು. ಮಾಹಿತಿ ತಂತ್ರಜ್ಞಾನದ ರಾಜಧಾನಿಯೆನಿಸಿದ ನಗರದಲ್ಲಿ ಗಣಕಯಂತ್ರವು ಕೊಳ್ಳುವ ಶಕ್ತಿಯುಳ್ಳವರ ಸೊತ್ತಾಗಿ ಮಾತ್ರ ಉಳಿಯಬಾರದೆಂಬ ಆಶಯ ಆ ಪ್ರಯತ್ನದ ಹಿಂದಿತ್ತು.

ಸುರಕ್ಷತೆ ಮತ್ತು ಖಾಸಗಿತನ

ಮೈಕ್ರೋಸಾಫ್ಟ್ ಸಂಸ್ಥೆಯು 2024ರ ಮೇ ತಿಂಗಳಲ್ಲಿ 'ರೀಕಾಲ್' ಎಂಬ ಸೌಲಭ್ಯವನ್ನು ಪ್ರಕಟಿಸಿತು. ಬಳಕೆದಾರನ ಪರದೆಯ ಚಿತ್ರಗಳನ್ನು ಆಗಾಗ್ಗೆ ತೆಗೆದು ಯಂತ್ರದಲ್ಲೇ ಉಳಿಸಿ, ಹಿಂದೆ ನೋಡಿದ್ದನ್ನು ಹುಡುಕಿಕೊಡುವುದು ಇದರ ಉದ್ದೇಶವಾಗಿತ್ತು. ಖಾಸಗಿತನದ ದೃಷ್ಟಿಯಿಂದ ತೀವ್ರ ಟೀಕೆ ವ್ಯಕ್ತವಾದುದರಿಂದ ಅದರ ಬಿಡುಗಡೆಯನ್ನು ಮುಂದೂಡಿ, ಬಳಕೆದಾರರು ಇಚ್ಛಿಸಿದಲ್ಲಿ ಮಾತ್ರ ಚಾಲನೆಗೊಳ್ಳುವಂತೆ ಮಾರ್ಪಡಿಸಿ 2025ರಲ್ಲಿ ಒದಗಿಸಲಾಯಿತು. ಸಂಸ್ಥೆಯು ಟೀಕೆಗೆ ಕಿವಿಗೊಟ್ಟಿತು ಎಂಬುದು ನಿಜ. ಆದರೂ ಯಂತ್ರವು ಏನನ್ನು ದಾಖಲಿಸಬೇಕು ಎಂಬ ಮೊದಲ ತೀರ್ಮಾನವು ಬಳಕೆದಾರನ ಕೈಯಲ್ಲಿ ಇರಲಿಲ್ಲ ಎಂಬ ಅಳಲು ಹಲವರಲ್ಲಿ ಉಳಿಯಿತು. ಮುಕ್ತ ವ್ಯವಸ್ಥೆಯಲ್ಲಿ ಆಕರ ಸಂಕೇತವು ತೆರೆದಿರುವ ಕಾರಣ ಯಂತ್ರವು ಮರೆಯಲ್ಲಿ ಏನು ಮಾಡುತ್ತಿದೆ ಎಂಬುದನ್ನು ಬಲ್ಲವರು ಪರೀಕ್ಷಿಸಬಹುದು. ಬಹುತೇಕ ವಿತರಣೆಗಳು ಅಳವಡಿಕೆಯ ಸಮಯದಲ್ಲಿ ಯಾವ ಸಂಸ್ಥೆಯ ಖಾತೆಯನ್ನೂ ಕೇಳುವುದಿಲ್ಲ.

ತೆರೆದಿರುವುದೆಲ್ಲ ತಾನಾಗಿ ಸುರಕ್ಷಿತವೆಂದು ಭಾವಿಸುವುದೂ ಸರಿಯಲ್ಲ. 2024ರ ಮಾರ್ಚ್ 29ರಂದು ಬೆಳಕಿಗೆ ಬಂದ ಎಕ್ಸ್‌ಝಡ್ ಪ್ರಕರಣವು ಈ ದಿಸೆಯಲ್ಲಿ ಎಚ್ಚರಿಕೆಯ ಗಂಟೆಯಾಗಿದೆ. ಹೆಚ್ಚಿನ ಲಿನಕ್ಸ್ ವಿತರಣೆಗಳಲ್ಲಿ ಬಳಕೆಯಾಗುವ, ಕಡತಗಳನ್ನು ಕುಗ್ಗಿಸುವ ಒಂದು ಚಿಕ್ಕ ತಂತ್ರಾಂಶವನ್ನು ಒಬ್ಬ ಸ್ವಯಂಸೇವಕರು ಬಹುಕಾಲ ನಿರ್ವಹಿಸುತ್ತಿದ್ದರು. ನೆರವಾಗುವ ನೆಪದಲ್ಲಿ ಎರಡು ವರ್ಷಗಳಿಗೂ ಹೆಚ್ಚು ಕಾಲ ವಿಶ್ವಾಸ ಗಳಿಸಿದ ಅನಾಮಧೇಯ ವ್ಯಕ್ತಿಯೊಬ್ಬರು ಅದರಲ್ಲಿ ಗುಪ್ತದ್ವಾರವೊಂದನ್ನು ಸೇರಿಸಿದ್ದರು. ದೂರದ ಯಂತ್ರಕ್ಕೆ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡಿನಷ್ಟು ವಿಳಂಬವಾಗುತ್ತಿರುವುದನ್ನು ಗಮನಿಸಿದ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಅದರ ಜಾಡು ಹಿಡಿದು ಗುಪ್ತದ್ವಾರವನ್ನು ಪತ್ತೆಮಾಡಿದರು. ಅವರು ಮೈಕ್ರೋಸಾಫ್ಟ್ ಸಂಸ್ಥೆಯ ಉದ್ಯೋಗಿ ಎಂಬುದು ಗಮನಾರ್ಹ. ಆಕರ ಸಂಕೇತವು ತೆರೆದಿದ್ದುದರಿಂದಲೇ ಹೊರಗಿನವರೊಬ್ಬರಿಗೆ ಈ ಶೋಧ ಸಾಧ್ಯವಾಯಿತು. ಜಗತ್ತೇ ಅವಲಂಬಿಸಿರುವ ಕೆಲಸದ ಭಾರವನ್ನು ಒಬ್ಬರ ಹೆಗಲಿಗೆ ಬಿಟ್ಟರೆ ಏನಾಗಬಹುದೆಂಬುದನ್ನೂ ಅದೇ ಪ್ರಕರಣ ತೋರಿಸಿತು.

ಕನ್ನಡದ ಬಳಕೆ

ಭಾಷೆಯ ವಿಷಯದಲ್ಲಿ ಮುಕ್ತ ವ್ಯವಸ್ಥೆಗಳಿಗೆ ವಿಶೇಷ ಮಹತ್ವವಿದೆ. ಲಾಭದ ಲೆಕ್ಕದಲ್ಲಿ ಚಿಕ್ಕದಾಗಿ ಕಾಣುವ ಭಾಷೆಗೆ ಸೌಲಭ್ಯ ಒದಗಿಸಲು ವಾಣಿಜ್ಯ ಸಂಸ್ಥೆಗಳು ತಡಮಾಡುವುದು ಸಹಜ. ಮುಕ್ತ ತಂತ್ರಾಂಶದಲ್ಲಿ ಆ ಭಾಷೆಯ ಜನರೇ ಮುಂದಾಗಿ ಅನುವಾದಿಸಬಹುದು, ಕೀಲಿಮಣೆ ರೂಪಿಸಬಹುದು, ಅಕ್ಷರಶೈಲಿ ರಚಿಸಬಹುದು.

ಗ್ನೋಮ್, ಕೆಡಿಇ, ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳನ್ನು ಕನ್ನಡಕ್ಕೆ ತರುವ ಕಾರ್ಯದಲ್ಲಿ ಸ್ವಯಂಸೇವಕರೂ ಮುಕ್ತ ತಂತ್ರಾಂಶ ಸಂಸ್ಥೆಗಳ ಭಾಷಾ ತಂತ್ರಜ್ಞರೂ ವರ್ಷಗಳ ಕಾಲ ದುಡಿದಿದ್ದಾರೆ. ಗಣಕ ಕನ್ನಡದ ಹಿರಿಯರಾದ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ಕಗಪ ಎಂದು ಪ್ರಸಿದ್ಧವಾದ ಕೀಲಿಮಣೆಯು ಲಿನಕ್ಸ್ ವ್ಯವಸ್ಥೆಗಳ ಕೀಲಿಮಣೆ ಪಟ್ಟಿಯಲ್ಲೇ ಸೇರಿದೆ. ಇನ್‌ಸ್ಕ್ರಿಪ್ಟ್ ವಿನ್ಯಾಸವೂ ಲಭ್ಯ. ಗುಬ್ಬಿ, ನವಿಲು, ಲೋಹಿತ್ ಕನ್ನಡ, ನೋಟೋ ಮೊದಲಾದ ಯುನಿಕೋಡ್ ಅಕ್ಷರಶೈಲಿಗಳು ಮುಕ್ತ ಪರವಾನಗಿಯಲ್ಲಿ ದೊರೆಯುತ್ತವೆ. ಮುದ್ರಿತ ಪುಟದ ಚಿತ್ರದಿಂದ ಕನ್ನಡ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ಟೆಸರಾಕ್ಟ್, ಕನ್ನಡ ಪಠ್ಯವನ್ನು ಧ್ವನಿಯಾಗಿ ಓದಿ ಹೇಳುವ ಈಸ್ಪೀಕ್ ಎನ್‌ಜಿ ಇವೆರಡೂ ಮುಕ್ತ ತಂತ್ರಾಂಶಗಳೇ. ಚೆನ್ನೈನ ಸಿ-ಡ್ಯಾಕ್ ಸಂಸ್ಥೆಯು ಡೆಬಿಯನ್ ಆಧರಿಸಿ ರೂಪಿಸಿ 2007ರಲ್ಲಿ ಬಿಡುಗಡೆ ಮಾಡಿದ ಬಾಸ್ ಎಂಬ ಭಾರತೀಯ ವಿತರಣೆಯಲ್ಲಿಯೂ ಕನ್ನಡ ಸೇರಿದಂತೆ ಭಾರತೀಯ ಭಾಷೆಗಳಿಗೆ ಅವಕಾಶ ಕಲ್ಪಿಸಲಾಗಿದೆ.

ಒಂದು ತೊಡಕನ್ನು ಇಲ್ಲಿಯೇ ಹೇಳಬೇಕು. ಯುನಿಕೋಡ್ ರೂಢಿಗೆ ಬರುವ ಮುನ್ನ ನುಡಿ, ಬರಹ, ಶ್ರೀಲಿಪಿ ಮುಂತಾದವುಗಳ ಹಳೆಯ ಆಸ್ಕಿ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಅಪಾರ ಪ್ರಮಾಣದ ಕಡತಗಳು ಕಚೇರಿ ಹಾಗೂ ಮುದ್ರಣಾಲಯಗಳಲ್ಲಿ ಉಳಿದಿವೆ. ಅವನ್ನು ಮುಕ್ತ ವ್ಯವಸ್ಥೆಯಲ್ಲಿ ಹಾಗೆಯೇ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣಿಸುತ್ತವೆ. ಇದು ಲಿನಕ್ಸ್‌ನ ದೋಷವಲ್ಲ. ಮಾಹಿತಿಯನ್ನು ಮಾನಕವಲ್ಲದ ರೂಪದಲ್ಲಿ ಇಟ್ಟುದರ ಫಲ. ಪರಿವರ್ತಕ ತಂತ್ರಾಂಶಗಳ ನೆರವಿನಿಂದ ಈ ಕಡತಗಳನ್ನು ಯುನಿಕೋಡ್‌ಗೆ ತಂದುಕೊಳ್ಳುವುದು, ಯಾವ ವ್ಯವಸ್ಥೆಯನ್ನು ಬಳಸುವವರಿಗೂ ಅಗತ್ಯವಾದ ಕಾರ್ಯ.

ಸಾರ್ವಜನಿಕ ಸಂಸ್ಥೆಗಳ ಅನುಭವ

ಮುಕ್ತ ವ್ಯವಸ್ಥೆಯ ಆಯ್ಕೆ ಎಲ್ಲಿ ಉಳಿಯುತ್ತದೆ, ಎಲ್ಲಿ ಅಳಿಯುತ್ತದೆ ಎಂಬುದನ್ನು ಸಾರ್ವಜನಿಕ ಸಂಸ್ಥೆಗಳ ಅನುಭವದಿಂದ ಅರಿಯಬಹುದು.

ನೆರೆಯ ಕೇರಳ ರಾಜ್ಯವು ಈ ಶತಮಾನದ ಆರಂಭದಲ್ಲಿ ಐಟಿ@ಸ್ಕೂಲ್ ಯೋಜನೆಯನ್ನು ಕೈಗೊಂಡು ಮುಂದಿನ ಕೆಲವೇ ವರ್ಷಗಳಲ್ಲಿ ಶಾಲೆಗಳ ಗಣಕ ಶಿಕ್ಷಣವನ್ನು ಮುಕ್ತ ತಂತ್ರಾಂಶಕ್ಕೆ ಬದಲಾಯಿಸಿತು. 2017ರಲ್ಲಿ ಆ ಯೋಜನೆಯು ಕೈಟ್ ಎಂಬ ಸರ್ಕಾರಿ ಸಂಸ್ಥೆಯಾಗಿ ರೂಪುಗೊಂಡಿತು. 2019ರಲ್ಲಿ ಕೈಟ್ ತನ್ನದೇ ಗ್ನೂ/ಲಿನಕ್ಸ್ ಆವೃತ್ತಿಯನ್ನು ಬಿಡುಗಡೆ ಮಾಡಿದಾಗ ಅದನ್ನು 2 ಲಕ್ಷಕ್ಕೂ ಹೆಚ್ಚು ಶಾಲಾ ಗಣಕಯಂತ್ರಗಳಿಗಾಗಿ ರೂಪಿಸಲಾಗಿದೆಯೆಂದು ತಿಳಿಸಲಾಯಿತು. ಈ ಯಶಸ್ಸಿಗೆ ಕಾರಣ ಕೇವಲ ತಂತ್ರಾಂಶವಲ್ಲ. ಶಿಕ್ಷಕರಲ್ಲಿಯೇ ಕೆಲವರನ್ನು ಮುಖ್ಯ ತರಬೇತುದಾರರನ್ನಾಗಿ ಸಿದ್ಧಗೊಳಿಸಲಾಯಿತು. ಪಠ್ಯಪುಸ್ತಕಗಳನ್ನೂ ಪ್ರಾಯೋಗಿಕ ಪರೀಕ್ಷೆಗಳನ್ನೂ ಅದೇ ವ್ಯವಸ್ಥೆಯನ್ನು ಆಧರಿಸಿ ರೂಪಿಸಲಾಯಿತು. ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳೂ ಇದೇ ವ್ಯವಸ್ಥೆಯಲ್ಲಿ ಕಲಿಯುತ್ತಿದ್ದಾರೆ.

ಜರ್ಮನಿಯ ಮ್ಯೂನಿಕ್ ನಗರಾಡಳಿತದ ಅನುಭವ ಬೇರೆ ಬಗೆಯದು. 2003ರಲ್ಲಿ ಲಿನಕ್ಸ್‌ಗೆ ಬದಲಾಗಲು ತೀರ್ಮಾನಿಸಿ, 2013ರ ವೇಳೆಗೆ ಸುಮಾರು 15,000 ಯಂತ್ರಗಳನ್ನು ಪರಿವರ್ತಿಸಿದ ಈ ನಗರವು 2017ರಲ್ಲಿ ವಿಂಡೋಸ್‌ಗೆ ಮರಳಲು ನಿರ್ಧರಿಸಿತು. ಹೊರಗಿನ ಕಚೇರಿಗಳೊಡನೆ ಕಡತ ವಿನಿಮಯದ ತೊಂದರೆ, ವಿಂಡೋಸ್‌ಗೆಂದೇ ರಚಿತವಾದ ಆಡಳಿತ ತಂತ್ರಾಂಶಗಳ ಅವಲಂಬನೆ, ಮಾಹಿತಿ ತಂತ್ರಜ್ಞಾನ ವಿಭಾಗದ ಹಂಚಿಹೋದ ಹೊಣೆಗಾರಿಕೆ, ಬದಲಾದ ರಾಜಕೀಯ ನಾಯಕತ್ವ ಇವೆಲ್ಲ ಚರ್ಚೆಗೆ ಬಂದ ಅಂಶಗಳು. ಅದೇ ದೇಶದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯವು 2024ರ ಏಪ್ರಿಲ್‌ನಲ್ಲಿ ಸುಮಾರು 30,000 ಕಾರ್ಯಸ್ಥಾನಗಳನ್ನು ಮೊದಲು ಲಿಬ್ರೆಆಫೀಸ್‌ಗೆ, ಅನಂತರ ಲಿನಕ್ಸ್‌ಗೆ ಹಂತಹಂತವಾಗಿ ಬದಲಾಯಿಸುವ ತೀರ್ಮಾನವನ್ನು ಪ್ರಕಟಿಸಿತು. ಫ್ರಾನ್ಸ್‌ನ ಜೆಂಡಾರ್ಮರಿ ಪೊಲೀಸ್ ದಳವು ಅದಕ್ಕೂ ಮೊದಲೇ, 2005ರ ಸುಮಾರಿಗೆ ಓಪನ್‌ಆಫೀಸ್‌ನಿಂದ ಆರಂಭಿಸಿ, ಮುಂದೆ ಫೈರ್‌ಫಾಕ್ಸ್, ಥಂಡರ್‌ಬರ್ಡ್‌ಗಳನ್ನು ರೂಢಿಸಿ, 2008ರಿಂದ ಉಬುಂಟುವಿನತ್ತ ಸಾಗಿತು. ಸಿಬ್ಬಂದಿಗೆ ತಂತ್ರಾಂಶಗಳು ಮೊದಲೇ ಪರಿಚಿತವಾಗಿದ್ದರಿಂದ ವ್ಯವಸ್ಥೆ ಬದಲಾದದ್ದು ಭಾರವೆನಿಸಲಿಲ್ಲ.

ಭಾರತ ಸರ್ಕಾರವು 2015ರಲ್ಲಿ ಮುಕ್ತ ಆಕರ ತಂತ್ರಾಂಶ ಅಳವಡಿಕೆಯ ನೀತಿಯನ್ನು ಪ್ರಕಟಿಸಿ, ಇ-ಆಡಳಿತ ಯೋಜನೆಗಳಲ್ಲಿ ಅಂತಹ ತಂತ್ರಾಂಶಗಳಿಗೆ ಆದ್ಯತೆ ನೀಡಬೇಕೆಂದೂ, ಪೂರೈಕೆದಾರರು ಅವನ್ನು ಕೈಬಿಟ್ಟಲ್ಲಿ ಸಮರ್ಥನೆ ನೀಡಬೇಕೆಂದೂ ಸೂಚಿಸಿತು. ಅನ್ಯರ ಮೇಲಿನ ಅವಲಂಬನೆಯ ಪ್ರಶ್ನೆ ಕೇವಲ ತಾತ್ವಿಕವಲ್ಲವೆಂಬುದು 2025ರ ಜುಲೈನಲ್ಲಿ ಸ್ಪಷ್ಟವಾಯಿತು. ಯುರೋಪಿಯನ್ ಒಕ್ಕೂಟದ ನಿರ್ಬಂಧಗಳ ಹಿನ್ನೆಲೆಯಲ್ಲಿ ಗುಜರಾತಿನಲ್ಲಿ ತೈಲ ಶುದ್ಧೀಕರಣ ಘಟಕ ಹೊಂದಿರುವ ನಯಾರಾ ಎನರ್ಜಿ ಕಂಪನಿಗೆ ಮೈಕ್ರೋಸಾಫ್ಟ್ ಸೇವೆಗಳು ಸ್ಥಗಿತಗೊಂಡವು. ಕಂಪನಿಯು ದೆಹಲಿ ಉಚ್ಚ ನ್ಯಾಯಾಲಯದ ಮೊರೆಹೋಯಿತು. ಕೆಲವೇ ದಿನಗಳಲ್ಲಿ ಸೇವೆಗಳು ಮರಳಿದವು. ಅಲ್ಲಿ ಸ್ಥಗಿತಗೊಂಡದ್ದು ಕಾರ್ಯಾಚರಣ ವ್ಯವಸ್ಥೆಯಲ್ಲ, ಮಿಂಚಂಚೆ ಮೊದಲಾದ ಸೇವೆಗಳು. ಆದರೆ ಹಣ ಪಾವತಿಸಿ ಪಡೆದ ಸೇವೆಯ ಕೀಲಿಕೈ ಯಾರ ಬಳಿ ಇದೆ ಎಂಬ ಪ್ರಶ್ನೆ ಎರಡರಲ್ಲೂ ಒಂದೇ.

ಕರ್ನಾಟಕದಲ್ಲಿ 2010ರ ದಶಕದಲ್ಲಿ ನಡೆದ ವಿಷಯ ಶಿಕ್ಷಕರ ವೇದಿಕೆ ಕಾರ್ಯಕ್ರಮವನ್ನು ಈ ಸಂದರ್ಭದಲ್ಲಿ ಸ್ಮರಿಸಬಹುದು. ರಾಜ್ಯದ ಶಿಕ್ಷಣ ಇಲಾಖೆಯೊಡನೆ ಐಟಿ ಫಾರ್ ಚೇಂಜ್ ಸಂಸ್ಥೆಯು ಕೈಜೋಡಿಸಿದ ಈ ಕಾರ್ಯಕ್ರಮದಲ್ಲಿ ಪ್ರೌಢಶಾಲಾ ಶಿಕ್ಷಕರು ಉಬುಂಟು, ಜಿಯೋಜಿಬ್ರಾ ಮೊದಲಾದ ಮುಕ್ತ ತಂತ್ರಾಂಶಗಳನ್ನು ಕಲಿತು, ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಜಾಲತಾಣಕ್ಕೆ ಕನ್ನಡದಲ್ಲಿ ಪಾಠ ಸಾಮಗ್ರಿಯನ್ನು ರಚಿಸಿದರು. ಶಿಕ್ಷಕರು ತಂತ್ರಾಂಶದ ಬಳಕೆದಾರರಾಗಿ ಉಳಿಯದೆ ಜ್ಞಾನದ ನಿರ್ಮಾಪಕರೂ ಆದರು ಎಂಬುದು ಈ ಪ್ರಯತ್ನದ ವಿಶೇಷ.

ಎದುರಾಗುವ ತೊಡಕುಗಳು

ಮುಕ್ತ ವ್ಯವಸ್ಥೆ ಎಲ್ಲರಿಗೂ, ಎಲ್ಲ ಕಾರ್ಯಗಳಿಗೂ ಸೂಕ್ತವೆಂದು ಹೇಳಲಾಗದು. ವ್ಯಾಪಾರಸ್ಥರು ವ್ಯಾಪಕವಾಗಿ ಬಳಸುವ ಟ್ಯಾಲಿ ಲೆಕ್ಕಪತ್ರ ತಂತ್ರಾಂಶವೂ ಮುದ್ರಣಾಲಯಗಳಲ್ಲಿ ಬಳಕೆಯಲ್ಲಿರುವ ಪೇಜ್‌ಮೇಕರ್, ಫೋಟೋಶಾಪ್‌ಗಳೂ ಲಿನಕ್ಸ್‌ಗೆಂದು ರಚಿತವಾದವುಗಳಲ್ಲ. ಕೆಲವು ಮುದ್ರಕಗಳು, ಬೆರಳಚ್ಚು ಗುರುತಿಸುವ ಸಾಧನಗಳು, ಡಿಜಿಟಲ್ ಸಹಿಯ ಟೋಕನ್‌ಗಳಿಗೆ ಅಗತ್ಯವಾದ ಚಾಲಕ ತಂತ್ರಾಂಶವನ್ನು ತಯಾರಕರು ವಿಂಡೋಸ್‌ಗೆ ಮಾತ್ರ ಒದಗಿಸುತ್ತಾರೆ. ಲಿಬ್ರೆಆಫೀಸ್‌ನಲ್ಲಿ ತೆರೆದ ವರ್ಡ್ ಕಡತದ ಪುಟ ವಿನ್ಯಾಸ ಕೆಲವೊಮ್ಮೆ ಕದಲುತ್ತದೆ. ಸಂಖ್ಯೆಯಲ್ಲಿ ಹಲವಾಗಿರುವ ವಿತರಣೆಗಳ ನಡುವೆ ಯಾವುದನ್ನು ಆರಿಸಬೇಕೆಂಬ ಗೊಂದಲವೂ ಹೊಸಬರನ್ನು ಕಾಡುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಡಕು ನೆರವಿನ ಕೊರತೆ. ವಿಂಡೋಸ್‌ನಲ್ಲಿ ತೊಂದರೆಯಾದರೆ ತಾಲ್ಲೂಕು ಕೇಂದ್ರದಲ್ಲಿಯೂ ದುರಸ್ತಿ ಮಾಡುವವರು ಸಿಗುತ್ತಾರೆ. ಲಿನಕ್ಸ್ ಬಲ್ಲವರು ಎಲ್ಲೆಡೆ ಸಿಗುವುದಿಲ್ಲ. ಅಂತರಜಾಲದಲ್ಲಿ ಮಾಹಿತಿ ಹೇರಳವಾಗಿದ್ದರೂ ಅದರ ಹೆಚ್ಚಿನ ಭಾಗ ಇಂಗ್ಲಿಷಿನಲ್ಲಿದೆ. ತೆರೆದ ಆಕರ ಸಂಕೇತವನ್ನು ಓದಬಲ್ಲವರು ಕೆಲವರೇ. ಉಳಿದವರ ಪಾಲಿಗೆ ಅದನ್ನು ಓದಬಲ್ಲ, ವಿವರಿಸಬಲ್ಲ, ಸರಿಪಡಿಸಬಲ್ಲ ಒಬ್ಬರು ಹತ್ತಿರದಲ್ಲಿ ಇದ್ದಾಗಲೇ ಆ ಸ್ವಾತಂತ್ರ್ಯಕ್ಕೆ ಅರ್ಥ ಬರುತ್ತದೆ.

ಬದಲಾಯಿಸಲು ಇಚ್ಛಿಸುವವರು ಗಮನಿಸಬೇಕಾದ ಅಂಶಗಳು

1. ಯಾವುದೇ ಬದಲಾವಣೆಗೆ ಮುನ್ನ ಭಾವಚಿತ್ರ, ಲೆಕ್ಕಪತ್ರ ಮೊದಲಾದ ಎಲ್ಲ ಕಡತಗಳ ಪ್ರತಿಯನ್ನು ಪ್ರತ್ಯೇಕ ಸಂಗ್ರಹ ಸಾಧನದಲ್ಲಿ ಇಟ್ಟುಕೊಳ್ಳಬೇಕು.

2. ಬಹುತೇಕ ವಿತರಣೆಗಳನ್ನು ಅಳವಡಿಸದೆಯೇ ಪೆನ್‌ಡ್ರೈವ್‌ನಿಂದ ಚಾಲನೆ ಮಾಡಿ ನೋಡಬಹುದು. ವೈಫೈ, ಧ್ವನಿ, ಮುದ್ರಕ, ಕ್ಯಾಮೆರಾಗಳು ಕೆಲಸ ಮಾಡುತ್ತವೆಯೇ ಎಂಬುದನ್ನು ಈ ಹಂತದಲ್ಲೇ ಖಚಿತಪಡಿಸಿಕೊಳ್ಳಬೇಕು.

3. ಲಿಬ್ರೆಆಫೀಸ್, ಫೈರ್‌ಫಾಕ್ಸ್, ವಿಎಲ್‌ಸಿ ಮುಂತಾದ ಮುಕ್ತ ತಂತ್ರಾಂಶಗಳನ್ನು ಮೊದಲು ವಿಂಡೋಸ್‌ನಲ್ಲಿಯೇ ಬಳಸಿ ರೂಢಿಸಿಕೊಳ್ಳುವುದು ಸೂಕ್ತ.

4. ಕಾರ್ಯಾಚರಣ ವ್ಯವಸ್ಥೆಯನ್ನು ಆಯಾ ವಿತರಣೆಯ ಅಧಿಕೃತ ಜಾಲತಾಣದಿಂದ ಮಾತ್ರ ಪಡೆಯಬೇಕು. ಹೊಸಬರು ದೀರ್ಘಾವಧಿ ಬೆಂಬಲವಿರುವ ಆವೃತ್ತಿಯನ್ನೇ ಆರಿಸಿಕೊಳ್ಳುವುದು ಒಳಿತು.

5. ಜೀವನೋಪಾಯಕ್ಕೆ ಅನಿವಾರ್ಯವಾದ ತಂತ್ರಾಂಶ ಅಥವಾ ಸಾಧನವು ವಿಂಡೋಸ್‌ನಲ್ಲಿ ಮಾತ್ರ ನಡೆಯುವಂತಿದ್ದರೆ, ಒಂದೇ ಯಂತ್ರದಲ್ಲಿ ಎರಡೂ ವ್ಯವಸ್ಥೆಗಳನ್ನು ಇರಿಸಿಕೊಳ್ಳುವುದನ್ನು ಅಥವಾ ಬದಲಾವಣೆಯನ್ನು ಮುಂದೂಡುವುದನ್ನು ಪರಿಶೀಲಿಸಬೇಕು.

6. ಭದ್ರತಾ ಪರಿಷ್ಕರಣೆ ನಿಂತ ವ್ಯವಸ್ಥೆಯಲ್ಲಿ ಬ್ಯಾಂಕ್ ವ್ಯವಹಾರ ನಡೆಸುವುದು ಅಪಾಯಕರ. ಈ ಮಾತು ವಿಂಡೋಸ್‌ಗೂ ಲಿನಕ್ಸ್‌ಗೂ ಸಮಾನವಾಗಿ ಅನ್ವಯಿಸುತ್ತದೆ.

ಉಪಸಂಹಾರ

ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು ಆರಿಸಿಕೊಳ್ಳುವವರಲ್ಲಿ ಕೆಲವರಿಗೆ ಹಣದ ಉಳಿತಾಯ ಮುಖ್ಯ, ಕೆಲವರಿಗೆ ಕಾನೂನುಬದ್ಧ ಬದುಕು, ಕೆಲವರಿಗೆ ಖಾಸಗಿತನ, ಕೆಲವರಿಗೆ ಭಾಷೆ. ಈ ಎಲ್ಲ ಕಾರಣಗಳ ತಳದಲ್ಲಿರುವುದು ಒಂದೇ ಅಪೇಕ್ಷೆ. ತಾವು ದುಡಿದ ಹಣದಿಂದ ಕೊಂಡ ಯಂತ್ರ ಎಷ್ಟು ಕಾಲ ನಡೆಯಬೇಕು, ಯಾವ ಭಾಷೆಯಲ್ಲಿ ಮಾತನಾಡಬೇಕು, ಏನನ್ನು ನೆನಪಿಡಬೇಕು ಎಂಬುದನ್ನು ತಾವೇ ನಿರ್ಧರಿಸಬೇಕೆಂಬುದು ಆ ಅಪೇಕ್ಷೆ.

ಕೇರಳದ ಶಾಲೆಗಳಲ್ಲಿ ಈ ಅಪೇಕ್ಷೆ ಈಡೇರಿದ್ದು ತರಬೇತಿ ಪಡೆದ ಶಿಕ್ಷಕರು ಪ್ರತಿ ಶಾಲೆಯ ಬೆನ್ನಿಗೆ ನಿಂತುದರಿಂದ. ಮ್ಯೂನಿಕ್‌ನಲ್ಲಿ ಸಾವಿರಾರು ಯಂತ್ರಗಳು ಬದಲಾದರೂ ಅವುಗಳ ಸುತ್ತಲಿನ ಆಡಳಿತ ಬದಲಾಗದ ಕಾರಣ ಆಯ್ಕೆ ಉಳಿಯಲಿಲ್ಲ. ಪರವಾನಗಿ ನೀಡುವುದು ಹಕ್ಕನ್ನು ಮಾತ್ರ. ಅದನ್ನು ಚಲಾಯಿಸುವ ಸಾಮರ್ಥ್ಯವನ್ನು ಶಾಲೆ, ಗ್ರಂಥಾಲಯ, ಕಾಲೇಜು ಹಾಗೂ ಸ್ವಯಂಸೇವಕ ಬಳಗಗಳು ಜನರ ಭಾಷೆಯಲ್ಲಿ ಕಟ್ಟಿಕೊಡಬೇಕಾಗುತ್ತದೆ. ತಾಲ್ಲೂಕಿಗೊಬ್ಬರಾದರೂ ಬಲ್ಲವರು ಇದ್ದು, ಬಂದವರಿಗೆ ಕನ್ನಡದಲ್ಲಿ ತಿಳಿಹೇಳುವಂತಾದರೆ, ಅವಧಿ ಮುಗಿದವೆಂದು ಮೂಲೆಗೆ ಸೇರಿರುವ ಅನೇಕ ಗಣಕಯಂತ್ರಗಳು ಮತ್ತೊಂದು ಮಗುವಿನ ಕಲಿಕೆಗೆ ಒದಗಿಬರಬಲ್ಲವು.